ಗೋಧಿಯಿಲ್ಲದ ಬಿಸ್ಕತ್ತು: ಒಂದು ಪುಟ್ಟ ಇತಿಹಾಸ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಸಂಘದ ರಾಜ್ಯೋತ್ಸವ ಸಮಾರಂಭ ಮುಗಿದ ಮೇಲೆ ಮಕ್ಕಳಿಗೆಲ್ಲ ತಿಂಡಿಯ ಪೊಟ್ಟಣ ಹಂಚಿದರು. ಒಂದು ಬಾಳೆಹಣ್ಣು, ಒಂದು ಹಿಡಿ ಖಾರದ ಅವಲಕ್ಕಿ, ನಾಲ್ಕು ಬೆಣ್ಣೆ ಬಿಸ್ಕತ್ತು. ಆಗ ಎಂಟು ವರ್ಷದವಳಾಗಿದ್ದ ನನ್ನ ಮಗಳು ಬಾಳೆಹಣ್ಣನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಗೆಳತಿಗೆ ಕೊಟ್ಟಳು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಅಕ್ಕರೆಯಿಂದಲೇ ಕೇಳಿದರು: "ಯಾಕಮ್ಮ, ಬಿಸ್ಕತ್ತು ಸೇರೋದಿಲ್ಲವೆ?" ಮಗಳು ಹೇಳಿದಳು: "ನನಗೆ ಗೋಧಿ ಆಗೋದಿಲ್ಲ ಅಜ್ಜಿ." ಅವರು ನಕ್ಕು, "ದಿಲ್ಲಿಯಲ್ಲಿದ್ದುಕೊಂಡು ಗೋಧಿ ಆಗೋದಿಲ್ಲ ಅಂದರೆ ಹೇಗೆ ಪುಟ್ಟಿ!" ಎಂದರು. ಮಗಳೂ ನಕ್ಕಳು. ಆದರೆ ಮನೆಗೆ ಬರುವಾಗ ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ.

ಆ ಹಿರಿಯರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಎರಡು ವರ್ಷ ಮೊದಲು ಯಾರಾದರೂ ನನಗೆ ಹಾಗೆ ಹೇಳಿದ್ದರೆ ನಾನೂ ಹಾಗೆಯೇ ನಗುತ್ತಿದ್ದೆ. ಮಗುವಿನ ತೂಕ ಏರುತ್ತಿರಲಿಲ್ಲ, ಹೊಟ್ಟೆ ಉಬ್ಬುತ್ತಿತ್ತು, ರಕ್ತಹೀನತೆ ಬಿಡುತ್ತಿರಲಿಲ್ಲ. ಜಂತುಹುಳುವಿನ ಔಷಧಿ ಆಯಿತು, ಹಾಲು ಬಿಡಿಸಿದ್ದಾಯಿತು, ದೃಷ್ಟಿ ತೆಗೆದದ್ದೂ ಆಯಿತು. ಕೊನೆಗೆ ಒಬ್ಬ ವೈದ್ಯರು ಒಂದು ರಕ್ತಪರೀಕ್ಷೆ, ಆಮೇಲೆ ಸಣ್ಣ ಕರುಳಿನ ಪರೀಕ್ಷೆ ಮಾಡಿಸಿ ರೋಗದ ಹೆಸರು ಹೇಳಿದರು: ಸೀಲಿಯಾಕ್. ಇದಕ್ಕೆ ಮಾತ್ರೆಯಿಲ್ಲ, ಚುಚ್ಚುಮದ್ದಿಲ್ಲ. ಗೋಧಿ, ಜವೆಗೋಧಿ (ಬಾರ್ಲಿ), ರೈ ಎಂಬ ಮೂರು ಧಾನ್ಯಗಳನ್ನು ಜೀವಮಾನವಿಡೀ ಬಿಡುವುದೇ ಚಿಕಿತ್ಸೆ.

ದೊಡ್ಡವರಿಗೆ ಇದು ಪಥ್ಯ. ಮಗುವಿಗೆ ಇದರ ಅರ್ಥ, ಎಲ್ಲರೂ ತಿನ್ನುವ ಬಿಸ್ಕತ್ತು ತನಗಿಲ್ಲ ಎಂಬುದು. ಆದ್ದರಿಂದ ನಮ್ಮ ಮನೆಯಲ್ಲಿ ಗೋಧಿಯಿಲ್ಲದ ಬಿಸ್ಕತ್ತಿನ ಪ್ರಯೋಗ ಆರಂಭವಾಯಿತು. ಹಗಲೆಲ್ಲ ಕಡತಗಳ ನಡುವೆ ಕೂರುವ ನನಗೆ, ಕಾಲೇಜಿನಲ್ಲಿ ಓದಿ ಮರೆತಿದ್ದ ರಸಾಯನಶಾಸ್ತ್ರ ಬಹಳ ವರ್ಷಗಳ ನಂತರ ಕೆಲಸಕ್ಕೆ ಬಂತು. ಓದುತ್ತ ಹೋದಂತೆ ಈ ಪುಟ್ಟ ತಿನಿಸಿನ ಹಿಂದೆ ದೊಡ್ಡ ಚರಿತ್ರೆಯೇ ಇರುವುದು ಕಂಡಿತು. ಅದನ್ನು ನಮ್ಮ ಓದುಗರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಕಣಕದ ಗುಟ್ಟು

ಹೋಳಿಗೆ ಮಾಡುವ ಮನೆಯಲ್ಲಿ ಹುಟ್ಟಿದವರಿಗೆ ಒಂದು ವಿಷಯ ಹೇಳಿಕೊಡಬೇಕಾಗಿಲ್ಲ. ಕಣಕವನ್ನು ಚೆನ್ನಾಗಿ ನಾದಿ, ಎಣ್ಣೆ ಬಿಟ್ಟು ನೆನೆಯಲು ಬಿಟ್ಟರೆ ಅದು ರಬ್ಬರಿನಂತೆ ಹಿಗ್ಗುತ್ತದೆ, ಹೂರಣವನ್ನು ಒಡಲಲ್ಲಿಟ್ಟುಕೊಂಡು ಹಾಳೆಯಂತೆ ತೆಳುವಾಗುತ್ತದೆ. ರಾಗಿಹಿಟ್ಟಿನಿಂದಲೋ ಅಕ್ಕಿಹಿಟ್ಟಿನಿಂದಲೋ ಇದು ಆಗದು. ಏಕೆ?

ಈ ಪ್ರಶ್ನೆಗೆ ಮೊದಲು ಉತ್ತರ ಕಂಡವನು ಇಟಲಿಯ ಬೊಲೋನ್ಯ ನಗರದ ವಿದ್ವಾಂಸ ಯಾಕೊಪೊ ಬಾರ್ತೊಲೊಮಿಯೊ ಬೆಕ್ಕಾರಿ. 1728ರಲ್ಲಿ ಅಲ್ಲಿನ ವಿಜ್ಞಾನ ಪರಿಷತ್ತಿನ ಮುಂದೆ ಅವನು ತನ್ನ ಪ್ರಯೋಗವನ್ನು ವಿವರಿಸಿದ; 1745ರಲ್ಲಿ ಅದು ಅಚ್ಚಾಯಿತು. ಪ್ರಯೋಗ ಎಷ್ಟು ಸರಳವೆಂದರೆ ನಮ್ಮ ಮನೆಯ ನಲ್ಲಿಯ ಕೆಳಗೇ ಅದನ್ನು ಮಾಡಬಹುದು. ಗೋಧಿಹಿಟ್ಟನ್ನು ಕಲಸಿ, ಉಂಡೆ ಮಾಡಿ, ಸಣ್ಣಗೆ ಬೀಳುವ ನೀರಿನಲ್ಲಿ ಹಿಸುಕುತ್ತ ಹೋಗಬೇಕು. ಹಾಲಿನಂತಹ ಬಿಳಿಯ ನೀರು ಹರಿದುಹೋಗುತ್ತದೆ, ಅದು ಪಿಷ್ಟ. ಕೊನೆಗೆ ಕೈಯಲ್ಲಿ ಬೂದು ಬಣ್ಣದ, ಜಿಗುಟಾದ, ಎಳೆದರೆ ಹಿಗ್ಗುವ ಒಂದು ಮುದ್ದೆ ಉಳಿಯುತ್ತದೆ. ಈ ಅಂಟು ಸಸ್ಯದಿಂದ ಬಂದಿದ್ದರೂ ಪ್ರಾಣಿಗಳ ಮಾಂಸದ ಗುಣವನ್ನು ಹೋಲುತ್ತದೆ ಎಂಬುದನ್ನು ಬೆಕ್ಕಾರಿ ಗುರುತಿಸಿದ. ಅದಕ್ಕೆ ಬಿದ್ದ ಹೆಸರು ಗ್ಲುಟೆನ್. ಲ್ಯಾಟಿನ್ ಭಾಷೆಯಲ್ಲಿ ಅಂಟು ಎಂದೇ ಅರ್ಥ.

ಅಮೆರಿಕದ ಕನೆಕ್ಟಿಕಟ್ ಕೃಷಿ ಸಂಶೋಧನಾ ಕೇಂದ್ರದ ಥಾಮಸ್ ಆಸ್ಬೋರ್ನ್ ಗೋಧಿಕಾಳಿನ ಪ್ರೋಟೀನುಗಳನ್ನು ಬೇರೆಬೇರೆಯಾಗಿ ವಿಂಗಡಿಸಿ 1907ರಲ್ಲಿ ಗ್ರಂಥವನ್ನು ಪ್ರಕಟಿಸಿದ. ಗ್ಲುಟೆನ್ನಿನಲ್ಲಿ ಮುಖ್ಯವಾಗಿ ಎರಡು ಬಗೆ: ಗ್ಲಯಡಿನ್ ಮತ್ತು ಗ್ಲುಟೆನಿನ್. ಮೊದಲನೆಯದು ಹಿಟ್ಟಿಗೆ ಹರಿಯುವ ಗುಣವನ್ನೂ ಎರಡನೆಯದು ಸೆಟೆದು ನಿಲ್ಲುವ ಬಲವನ್ನೂ ಕೊಡುತ್ತವೆ. ನೀರು ಬಿದ್ದು ಕೈ ನಾದಿದಾಗ ಇವೆರಡೂ ಸೇರಿ ಬಲೆ ನೇಯುತ್ತವೆ. ಬ್ರೆಡ್ಡು ಉಬ್ಬುವುದು ಈ ಬಲೆಯಲ್ಲಿ ಗಾಳಿ ಸಿಕ್ಕಿಬೀಳುವುದರಿಂದ.

ಇಲ್ಲಿ ಬಿಸ್ಕತ್ತಿಗೆ ಒಂದು ಅನುಕೂಲವಿದೆ. ಬ್ರೆಡ್ಡಿಗೆ ಬಲವಾದ ಬಲೆ ಬೇಕು. ಬಿಸ್ಕತ್ತಿಗೆ ಬಲೆ ಹೆಚ್ಚಾದರೆ ಅದು ಗಟ್ಟಿಯಾಗಿ ಹಲ್ಲಿಗೆ ಸವಾಲಾಗುತ್ತದೆ. ಆದ್ದರಿಂದಲೇ ಬಿಸ್ಕತ್ತಿನ ಹಿಟ್ಟಿಗೆ ಮೊದಲು ಬೆಣ್ಣೆಯನ್ನೋ ತುಪ್ಪವನ್ನೋ ಉಜ್ಜುತ್ತಾರೆ. ಜಿಡ್ಡು ಹಿಟ್ಟಿನ ಕಣಗಳನ್ನು ಮುಚ್ಚಿ ಗ್ಲುಟೆನ್ ಎಳೆಗಳು ಉದ್ದವಾಗದಂತೆ ತಡೆಯುತ್ತದೆ. ಅಂದರೆ ಒಳ್ಳೆಯ ಬಿಸ್ಕತ್ತು ಮಾಡುವವನು ಗೋಧಿಯನ್ನು ಬಳಸುತ್ತಲೇ ಗೋಧಿಯ ಅಂಟಿನೊಡನೆ ಹೋರಾಡುತ್ತಿರುತ್ತಾನೆ! ಗೋಧಿಯಿಲ್ಲದ ತಿನಿಸುಗಳಲ್ಲಿ ಬ್ರೆಡ್ಡಿಗಿಂತ ಬಿಸ್ಕತ್ತು ಬೇಗ ಕೈಗೆ ಹತ್ತುವುದಕ್ಕೆ ಇದೇ ಕಾರಣ.

ಬಾಳೆಹಣ್ಣಿನ ಪಥ್ಯ

ಗ್ಲುಟೆನ್ ಏನೆಂಬುದು ತಿಳಿದು ಸುಮಾರು ಇನ್ನೂರು ವರ್ಷಗಳವರೆಗೆ, ಅದು ಕೆಲವರಿಗೆ ವಿಷವಾಗಬಲ್ಲದು ಎಂಬುದು ಯಾರಿಗೂ ಹೊಳೆಯಲಿಲ್ಲ. ರೋಗವಾದರೋ ಬಹಳ ಹಳೆಯದು. ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿದ್ದ ಗ್ರೀಕ್ ವೈದ್ಯ ಅರಿಟೀಯಸ್, ತಿಂದ ಆಹಾರ ಮೈಗೆ ಹತ್ತದೆ ಕ್ಷೀಣಿಸುವವರನ್ನು ವರ್ಣಿಸಿದ್ದಾನೆ. ಹೊಟ್ಟೆ ಎಂಬರ್ಥದ ಗ್ರೀಕ್ ಪದದಿಂದ ಅವನು ಕೊಟ್ಟ ಹೆಸರೇ ಇಂದಿನ ಸೀಲಿಯಾಕ್ ಆಗಿದೆ.

ಲಂಡನ್ನಿನ ಸ್ಯಾಮ್ಯುಯೆಲ್ ಗೀ 1887ರಲ್ಲಿ ಮಕ್ಕಳ ಆಸ್ಪತ್ರೆಯೊಂದರಲ್ಲಿ ಈ ರೋಗದ ಬಗ್ಗೆ ಉಪನ್ಯಾಸ ಮಾಡಿದರು. ಮರುವರ್ಷ ಅದು ಪ್ರಕಟವಾಯಿತು. ರೋಗಿ ಗುಣವಾಗುವುದಾದರೆ ಅದು ಆಹಾರಕ್ರಮದಿಂದಲೇ ಆಗಬೇಕು ಎಂಬುದು ಅವರ ನಿಲುವು. ನಿಲುವು ಸರಿ, ಆದರೆ ಯಾವ ಆಹಾರ? ಗೀ ಅವರು ಹೇಳುವ ಒಂದು ಮಗು ದಿನವೂ ಡಚ್ ಕಪ್ಪೆಚಿಪ್ಪಿನ ಮಾಂಸ ತಿಂದು ಚೆನ್ನಾಗಿ ಚೇತರಿಸಿಕೊಂಡಿತು. ಆ ಋತು ಮುಗಿದು ಚಿಪ್ಪು ಸಿಗದಾದಾಗ ಮತ್ತೆ ಕಾಯಿಲೆ ಬಿತ್ತು. ಉತ್ತರ ಅವರ ಕೈಗೆ ಅಷ್ಟು ಹತ್ತಿರ ಬಂದು ತಪ್ಪಿಹೋಯಿತು. ಅವರು ತಿನ್ನಿಸಿದ ವಸ್ತುವಿನ ಕಡೆ ನೋಡಿದರೇ ಹೊರತು, ಅದನ್ನು ತಿನ್ನುವಾಗ ಮಗು ಏನನ್ನು ತಿನ್ನುತ್ತಿರಲಿಲ್ಲ ಎಂಬುದರ ಕಡೆ ನೋಡಲಿಲ್ಲ.

ಇದೇ ತಪ್ಪು 1924ರಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯಿತು. ನ್ಯೂಯಾರ್ಕಿನ ಸಿಡ್ನಿ ಹಾಸ್ ಎಂಬ ವೈದ್ಯರು ಬಾಳೆಹಣ್ಣಿನ ಪಥ್ಯವನ್ನು ಪ್ರಕಟಿಸಿದರು. ಬ್ರೆಡ್ಡು, ಬಿಸ್ಕತ್ತು, ಆಲೂಗಡ್ಡೆ, ಧಾನ್ಯಗಳೆಲ್ಲ ವರ್ಜ್ಯ; ಬಾಳೆಹಣ್ಣು ಧಾರಾಳ. ಸಾಯುವ ಸ್ಥಿತಿಯಲ್ಲಿದ್ದ ಮಕ್ಕಳು ಬದುಕಿದರು. ಹಲವು ದಶಕಗಳ ಕಾಲ ವೈದ್ಯರೂ ತಾಯಂದಿರೂ ಬಾಳೆಹಣ್ಣಿನಲ್ಲಿ ಏನೋ ಸಂಜೀವಿನಿಯಿದೆಯೆಂದು ನಂಬಿದರು. ಗುಣ ಕಂಡ ಮಕ್ಕಳಿಗೆ ಮತ್ತೆ ಬ್ರೆಡ್ಡು ಕೊಡಬಹುದೆಂಬುದು ಹಾಸ್ ಅವರ ನಂಬಿಕೆಯಾಗಿತ್ತು. ಹಾಗೆ ಕೊಟ್ಟಲ್ಲಿ ರೋಗ ಮರಳುವ ದಾರಿಯೂ ತೆರೆಯಿತು. ನಿಜವಾಗಿ ಮಕ್ಕಳನ್ನು ಉಳಿಸಿದ್ದು ಬಾಳೆಹಣ್ಣಲ್ಲ, ಬ್ರೆಡ್ಡಿನ ಅಭಾವ. ರಾಜ್ಯೋತ್ಸವದ ಆ ಪೊಟ್ಟಣದಲ್ಲಿ ನನ್ನ ಮಗಳು ಉಳಿಸಿಕೊಂಡದ್ದೂ ಬಾಳೆಹಣ್ಣನ್ನೇ ಎಂಬುದು ಇದನ್ನೋದುವಾಗ ನೆನಪಿಗೆ ಬಂತು.

ಹಾಲೆಂಡಿನ ವೈದ್ಯ

ಕೊನೆಗೆ ಈ ಗಂಟನ್ನು ಬಿಚ್ಚಿದವರು ವಿಲ್ಲೆಮ್ ಕಾರೆಲ್ ಡಿಕ್ಕೆ ಎಂಬ ಡಚ್ ಮಕ್ಕಳ ವೈದ್ಯರು. ಹುಟ್ಟಿದ್ದು 1905ರಲ್ಲಿ. ಮೂವತ್ತೊಂದನೆಯ ವಯಸ್ಸಿನಲ್ಲೇ, 1936ರಲ್ಲಿ, ಹೇಗ್ ನಗರದ ಜೂಲಿಯಾನ ಮಕ್ಕಳ ಆಸ್ಪತ್ರೆಯ ಮುಖ್ಯಸ್ಥರಾದರು. ಬ್ರೆಡ್ಡು ಬಿಟ್ಟಾಗ ತನ್ನ ಮಗುವಿಗೆ ಗುಣವಾಗುತ್ತದೆ, ಕೊಟ್ಟಾಗ ಕೆಡುತ್ತದೆ ಎಂದು ಒಬ್ಬ ತಾಯಿ ಹೇಳಿದ ಮಾತು ಅವರನ್ನು ಈ ದಾರಿಗೆ ಹಚ್ಚಿತೆಂದು ಹೇಳುತ್ತಾರೆ. ತಾಯಂದಿರ ಇಂತಹ ಮಾತುಗಳನ್ನು ತಲೆಯಾಡಿಸಿ ಮರೆಯುವ ವೈದ್ಯರೇ ಹೆಚ್ಚು, ಡಿಕ್ಕೆ ಮರೆಯಲಿಲ್ಲ. 1930ರ ದಶಕದ ಮಧ್ಯಭಾಗದಲ್ಲೇ ಗೋಧಿಯಿಲ್ಲದ ಪಥ್ಯದ ಪ್ರಯೋಗ ಆರಂಭಿಸಿ, 1941ರಲ್ಲಿ ಡಚ್ ಭಾಷೆಯಲ್ಲಿ ಅದರ ಮೊದಲ ವರದಿಯನ್ನು ಪ್ರಕಟಿಸಿದರು. ಆದರೆ ಅದು ಯುದ್ಧಕಾಲ. ದೇಶ ಜರ್ಮನರ ವಶದಲ್ಲಿತ್ತು. ಡಚ್ ಭಾಷೆಯ ಲೇಖನವನ್ನು ಹೊರಗಿನವರು ಓದುವುದೆಲ್ಲಿ?

ಆಮೇಲೆ ಬಂದದ್ದು 1944–45ರ ಹಸಿವಿನ ಚಳಿಗಾಲ. ಡಚ್ ರೈಲ್ವೆ ನೌಕರರು ಮುಷ್ಕರ ಹೂಡಿದರೆಂದು ಜರ್ಮನರು ಪಶ್ಚಿಮ ಹಾಲೆಂಡಿಗೆ ಆಹಾರ ಸಾಗಣೆಯನ್ನು ತಡೆದರು. ಪಡಿತರ ದಿನಕ್ಕೆ ಒಂದು ಸಾವಿರ ಕ್ಯಾಲೊರಿಗಿಂತ ಕೆಳಗಿಳಿಯಿತು. ಜನ ಟ್ಯೂಲಿಪ್ ಹೂವಿನ ಗಡ್ಡೆಗಳನ್ನು ಬೇಯಿಸಿ ತಿಂದರು. ಸಾವಿರಾರು ಮಂದಿ ಸತ್ತರು. ಅಂತಹ ಕಾಲದಲ್ಲಿ ಡಿಕ್ಕೆ ಒಂದು ವಿಚಿತ್ರವನ್ನು ಕಂಡರು. ಬ್ರೆಡ್ಡು ಸಿಗದೆ ಎಲ್ಲ ಮಕ್ಕಳೂ ಸೊರಗುತ್ತಿರುವಾಗ ಅವರ ಸೀಲಿಯಾಕ್ ಮಕ್ಕಳು ಚೇತರಿಸಿಕೊಳ್ಳುತ್ತಿದ್ದರು. 1945ರಲ್ಲಿ ಬ್ರೆಡ್ಡು ಮತ್ತೆ ಬಂದಾಗ ಊರೆಲ್ಲ ಹಬ್ಬ ಮಾಡಿತು. ಆ ಮಕ್ಕಳು ಮಾತ್ರ ಮತ್ತೆ ಮಲಗಿದರು.

ಈ ಘಟನೆಯನ್ನೇ ಕಂಡುಹಿಡಿತದ ಆರಂಭವೆಂದು ಅನೇಕರು ಬರೆಯುತ್ತಾರೆ. ಅದು ಸರಿಯಲ್ಲ. ಡಿಕ್ಕೆ ಅದಕ್ಕೆ ಸುಮಾರು ಹತ್ತು ವರ್ಷ ಮೊದಲೇ ಗೋಧಿಯ ಮೇಲೆ ಕಣ್ಣಿಟ್ಟಿದ್ದರು. ಬರಗಾಲ ಅವರಿಗೆ ಹೊಸ ವಿಚಾರವನ್ನು ಕೊಡಲಿಲ್ಲ, ಇದ್ದ ವಿಚಾರಕ್ಕೆ ಬಲ ಕೊಟ್ಟಿತು. ಹಸಿವೆಯನ್ನು ಲಕ್ಷಾಂತರ ಜನ ಕಂಡಿದ್ದರು. ಏನನ್ನು ನೋಡಬೇಕೆಂದು ತಿಳಿದಿದ್ದವರು ಅವರು.

ಯುದ್ಧ ಮುಗಿದ ಮೇಲೆ ಇದನ್ನು ಅಂಕಿಗಳಲ್ಲಿ ಸಾಧಿಸಿ ತೋರಿಸಬೇಕಾಗಿತ್ತು. ಉಟ್ರೆಕ್ಟ್ ನಗರದ ರಸಾಯನಜ್ಞ ವ್ಯಾನ್ ಡ ಕಾಮರ್, ಮಲದಲ್ಲಿ ಹೋಗುವ ಕೊಬ್ಬನ್ನು ನಿಖರವಾಗಿ ಅಳೆಯುವ ವಿಧಾನವನ್ನು ರೂಪಿಸಿದ್ದರು. ಕರುಳು ಕೆಟ್ಟಷ್ಟೂ ಕೊಬ್ಬು ಜೀರ್ಣವಾಗದೆ ಹೊರಗೆ ಹೋಗುತ್ತದೆ. ವೈದ್ಯರಾದ ವೇಯರ್ಸ್ ಕೂಡ ಜೊತೆಗೂಡಿದರು. ಮಕ್ಕಳಿಗೆ ಒಂದೊಂದೇ ಧಾನ್ಯವನ್ನು ಕೊಡುವುದು, ತೂಕ ನೋಡುವುದು, ಕೊಬ್ಬು ಅಳೆಯುವುದು. ಗೋಧಿ ಮತ್ತು ರೈ ಕೊಟ್ಟಾಗ ಕೇಡು. ಅಕ್ಕಿ, ಮೆಕ್ಕೆಜೋಳ ಕೊಟ್ಟಾಗ ಕೇಡಿಲ್ಲ. 1950ರಲ್ಲಿ ಡಿಕ್ಕೆ ಉಟ್ರೆಕ್ಟ್ ವಿಶ್ವವಿದ್ಯಾನಿಲಯಕ್ಕೆ ತಮ್ಮ ಪ್ರಬಂಧವನ್ನು ಒಪ್ಪಿಸಿದರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಷಾರ್ಲೆಟ್ ಆಂಡರ್ಸನ್ ಮತ್ತು ಅವರ ಸಂಗಡಿಗರು ಗೋಧಿಹಿಟ್ಟಿನ ಪಿಷ್ಟವನ್ನೂ ಅಂಟನ್ನೂ ಬೇರೆಮಾಡಿ ಪರೀಕ್ಷಿಸಿ, ಅಪರಾಧಿ ಪಿಷ್ಟವಲ್ಲ, ಗ್ಲುಟೆನ್ ಎಂದು 1952ರಲ್ಲಿ ತೋರಿಸಿದರು. ಲಂಡನ್ನಿನ ಮಾರ್ಗೊ ಶೈನರ್ 1956ರಲ್ಲಿ ಬಾಯಿಯ ಮೂಲಕ ನಳಿಕೆ ಇಳಿಸಿ ಸಣ್ಣ ಕರುಳಿನ ಚೂರನ್ನು ತೆಗೆಯುವ ವಿಧಾನವನ್ನು ಕಂಡುಹಿಡಿದ ಮೇಲೆ, ಆಹಾರವನ್ನು ಹೀರುವ ಕರುಳಿನ ಎಳೆಗಳು ಗ್ಲುಟೆನ್ನಿನಿಂದ ಸವೆದುಹೋಗುವುದನ್ನು ಕಣ್ಣಾರೆ ಕಾಣುವಂತಾಯಿತು. ಡಿಕ್ಕೆ 1962ರಲ್ಲಿ ತೀರಿಕೊಂಡರು. ನನ್ನ ಮಗಳು ಅವರ ಹೆಸರನ್ನು ಬಲ್ಲಳು.

ಹಿಟ್ಟು ಬದಲಾಯಿಸುವ ವಿದ್ಯೆ

ಬಿಡಬೇಕಾದದ್ದು ಗೊತ್ತಾಯಿತು. ಅದರ ಬದಲು ತಿನ್ನುವುದೇನು? ಕುಕ್ಕಿ ಎಂಬ ಮಾತು ಬಂದದ್ದೇ 'ಪುಟ್ಟ ಕೇಕು' ಎಂಬರ್ಥದ ಡಚ್ ಪದದಿಂದ. ಯುರೋಪಿನ ಮಕ್ಕಳಿಗೆ ಬ್ರೆಡ್ಡು, ಬಿಸ್ಕತ್ತಿಲ್ಲದ ದಿನವೆಂದರೆ ನಮಗೆ ಅನ್ನವಿಲ್ಲದ ದಿನವಿದ್ದಂತೆ.

ಗೋಧಿಯ ಬದಲು ಬೇರೆ ಹಿಟ್ಟು ಬಳಸುವ ವಿದ್ಯೆಯನ್ನು ಪಶ್ಚಿಮದ ಗೃಹಿಣಿಯರು ಕಲಿತದ್ದು ರೋಗಕ್ಕಾಗಿಯಲ್ಲ, ಮೊದಲನೆಯ ಮಹಾಯುದ್ಧಕ್ಕಾಗಿ. 1917ರಲ್ಲಿ ಅಮೆರಿಕ ಸರ್ಕಾರ ಹರ್ಬರ್ಟ್ ಹೂವರ್ ಅವರ ನೇತೃತ್ವದಲ್ಲಿ ಆಹಾರ ಆಡಳಿತವನ್ನು ಸ್ಥಾಪಿಸಿತು. ಯುರೋಪಿನ ಮಿತ್ರರಾಷ್ಟ್ರಗಳಿಗೆ ಗೋಧಿ ಕಳಿಸಬೇಕು, ಆದ್ದರಿಂದ ಮನೆಯಲ್ಲಿ ಉಳಿಸಿರಿ ಎಂಬ ಕರೆ ಹೊರಟಿತು. ಗೋಧಿಯಿಲ್ಲದ ದಿನಗಳು ಗೊತ್ತಾದವು. ಮೆಕ್ಕೆಜೋಳ, ಓಟ್ಸ್, ಬಾರ್ಲಿ, ಅಕ್ಕಿ, ಆಲೂಗಡ್ಡೆಯ ಬಿಸ್ಕತ್ತು, ಕೇಕುಗಳ ಪಾಕವಿಧಾನಗಳು ಮನೆಮನೆಗೆ ಹೋದವು. ಅಲ್ಲಿ ಕಲಿತ ಒಂದು ಪಾಠ ಇಂದಿಗೂ ಸತ್ಯ: ಹಿಟ್ಟು ಬದಲಾಯಿಸುವಾಗ ಲೋಟದ ಅಳತೆಯನ್ನು ನಂಬಬಾರದು, ತೂಕವನ್ನು ನಂಬಬೇಕು; ಒಂದು ಲೋಟ ಅಕ್ಕಿಹಿಟ್ಟಿನ ತೂಕವೇ ಬೇರೆ, ಒಂದು ಲೋಟ ಓಟ್ಸ್ ಹಿಟ್ಟಿನ ತೂಕವೇ ಬೇರೆ. ಆದರೆ ಆ ಪಾಕಗಳು ಗೋಧಿ ಉಳಿಸುವುದಕ್ಕೆ ಮಾತ್ರ. ಬಾರ್ಲಿ ಇದ್ದ ಬಿಸ್ಕತ್ತು ಸೀಲಿಯಾಕ್ ಮಗುವಿಗೆ ಗೋಧಿಯಷ್ಟೇ ಕೇಡು.

1950ರ ದಶಕದ ನಂತರ ರೋಗಿಗಳಿಗೆಂದೇ ಬಂದ ಬ್ರೆಡ್ಡು, ಬಿಸ್ಕತ್ತುಗಳಲ್ಲಿ ಹಲವು, ಅಂಟು ತೊಳೆದು ತೆಗೆದ ಗೋಧಿಪಿಷ್ಟದಿಂದ ಆದವು. ಬೆಕ್ಕಾರಿ 1728ರಲ್ಲಿ ನೀರಿನೊಡನೆ ಹರಿಯಬಿಟ್ಟಿದ್ದೇ ಈಗ ಆಹಾರವಾಯಿತು. ಆದರೆ ಎಷ್ಟು ತೊಳೆದರೂ ಅಂಟಿನ ಅಂಶ ಸ್ವಲ್ಪ ಉಳಿಯುತ್ತದೆ. ಎಷ್ಟು ಉಳಿದರೆ ಅಪಾಯವಿಲ್ಲ ಎಂಬ ಚರ್ಚೆ ದಶಕಗಳ ಕಾಲ ನಡೆದು, ಅಂತರರಾಷ್ಟ್ರೀಯ ಆಹಾರ ಮಾನಕವಾದ ಕೋಡೆಕ್ಸ್ 2008ರಲ್ಲಿ ಒಂದು ಕಿಲೋಗ್ರಾಂ ಆಹಾರಕ್ಕೆ 20 ಮಿಲಿಗ್ರಾಂ ಎಂಬ ಮಿತಿಯನ್ನು ಗೊತ್ತುಮಾಡಿತು. ಭಾರತದ ನಿಯಮವೂ ಇದೇ ಮಿತಿಯನ್ನು ಅನುಸರಿಸುತ್ತದೆ. ರೋಗಿಗಳೂ ಸುಮ್ಮನೆ ಕೂರಲಿಲ್ಲ. ಬ್ರಿಟನ್ನಿನಲ್ಲಿ ಸೀಲಿಯಾಕ್ ರೋಗಿಗಳ ಸಂಘವನ್ನು ಕಟ್ಟಿದವರಲ್ಲಿ ಒಬ್ಬರು ಪೀಟರ್ ಬೆನೆನ್ಸನ್. 1961ರಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯನ್ನು ಸ್ಥಾಪಿಸಿದವರು ಅವರೇ. ಸೆರೆಮನೆಯ ಕೈದಿಗಳಿಗಾಗಿ ಹೋರಾಡಿದ ಮನುಷ್ಯ ತಾನೂ ಈ ರೋಗದಿಂದ ನರಳಿದವರು.

ಅಕ್ಕಿ, ಮೆಕ್ಕೆಜೋಳದ ಹಿಟ್ಟಿಗೆ ಅಂಟು ಕೊಡುವುದು ಹೇಗೆ? ಅಮೆರಿಕದ ಪಿಯೋರಿಯ ಊರಿನ ಸರ್ಕಾರಿ ಪ್ರಯೋಗಾಲಯದಲ್ಲಿ ಅಲೀನ್ ಜೀನ್ಸ್ ಎಂಬ ಮಹಿಳಾ ವಿಜ್ಞಾನಿ ಮತ್ತು ಅವರ ತಂಡ, ಎಲೆಕೋಸಿಗೆ ಕಪ್ಪು ಕೊಳೆರೋಗ ತರುವ ಸೂಕ್ಷ್ಮಜೀವಿಯೊಂದರಿಂದ ಕ್ಸಾಂಥನ್ ಗಮ್ ಎಂಬ ಅಂಟನ್ನು ಪಡೆದರು. 1969ರಲ್ಲಿ ಅಮೆರಿಕ ಅದನ್ನು ಆಹಾರದಲ್ಲಿ ಬಳಸಲು ಒಪ್ಪಿತು. ಇನ್ನೊಂದು ಅಂಟು ಗ್ವಾರ್ ಗಮ್. ಹೆಸರು ಕೇಳಿ ಪರದೇಶದ್ದೆಂದು ತಿಳಿಯಬೇಡಿ. ಅದು ನಮ್ಮ ಗೋರಿಕಾಯಿಯ, ಧಾರವಾಡದ ಕಡೆಯವರ ಚವಳಿಕಾಯಿಯ ಬೀಜದ ಪುಡಿ! ಪ್ರಪಂಚದ ಗ್ವಾರ್ ಬೆಳೆಯ ಬಹುಭಾಗ ಬರುವುದು ಭಾರತದಿಂದ, ಅದರಲ್ಲೂ ರಾಜಸ್ಥಾನದಿಂದ. ಮೂರನೆಯದು ಇಸಬ್‌ಗೋಲ್; ಗುಜರಾತಿನ ಬೆಳೆ, ಯಾವ ಔಷಧಿ ಅಂಗಡಿಯಲ್ಲೂ ಸಿಗುತ್ತದೆ.

ಅಜ್ಜಿಯ ಎಸರು

ಇಷ್ಟೆಲ್ಲ ಓದಿ ನಾನು ಅಡುಗೆಮನೆಗಿಳಿದೆ. ಮೊದಲ ಸಲ ಮೈದಾ ಇದ್ದಲ್ಲಿ ಅಷ್ಟೇ ಅಕ್ಕಿಹಿಟ್ಟು ಹಾಕಿದೆ. ಬಿಸ್ಕತ್ತು ಒಲೆಯಿಂದ ಹೊರಬಂದದ್ದು ಸುಂದರವಾಗಿಯೇ, ಮುಟ್ಟಿದೊಡನೆ ರವೆಯಾಯಿತು. ಎರಡನೆಯ ಸಲ ಬರೀ ರಾಗಿ. ಬಣ್ಣ, ಗಡಸು ಎರಡರಲ್ಲೂ ಇಟ್ಟಿಗೆ. ಮೂರನೆಯ ಸಲ ಬೆಣ್ಣೆ ಹೆಚ್ಚಾಗಿ ತಟ್ಟೆಯ ತುಂಬ ಹರಿದು ಒಂದೇ ಬಿಸ್ಕತ್ತಾಯಿತು. ಮಗಳು ಅದನ್ನೂ ತಿಂದು "ಚೆನ್ನಾಗಿದೆ ಅಪ್ಪ" ಎಂದಳು. ಆ ಮಾತು ಕೇಳಿ ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು.

ಆಗ ನನ್ನ ತಾಯಿ ಗದಗಿನ ಕಡೆಯಿಂದ ಬಂದು ನಮ್ಮಲ್ಲಿದ್ದರು. ಜೋಳದ ಹಿಟ್ಟು ತಂದು ತಣ್ಣೀರಿನಲ್ಲಿ ಕಲಸುತ್ತಿದ್ದ ನನ್ನನ್ನು ನೋಡಿ, "ಎಸರು ಹಾಕದ ಜ್ವಾಳದ ಹಿಟ್ಟಿಗೆ ಜಿಗಿ ಎಲ್ಲಿಂದ ಬರಬೇಕೋ?" ಎಂದರು. ಜಿಗಿ! ಗ್ಲುಟೆನ್ ಕುರಿತು ನಾನು ಓದಿದ ಪುಟಗಳ ತಿರುಳೆಲ್ಲ ಆ ಒಂದು ಮಾತಿನಲ್ಲಿತ್ತು. ಜೋಳದಲ್ಲಿ ಗ್ಲುಟೆನ್ ಇಲ್ಲ. ಆದರೂ ನಮ್ಮ ಹೆಂಗಸರು ಅದನ್ನು ಅಂಗೈಯಗಲದಿಂದ ಹರಿವಾಣದಗಲದವರೆಗೆ ತಟ್ಟುತ್ತಾರೆ. ಕುದಿಯುವ ನೀರು ಬಿದ್ದಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಅಂಟಾಗುತ್ತವೆ. ಸುಮಾರು 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನಡೆಯುವ ಈ ಕ್ರಿಯೆಗೆ ರಸಾಯನಶಾಸ್ತ್ರದಲ್ಲಿ ದೊಡ್ಡ ಹೆಸರಿದೆ. ರಾಗಿಮುದ್ದೆಗೆ ಬಳಸುವುದೂ ಅಕ್ಕಿರೊಟ್ಟಿಗೆ ಹಿಟ್ಟು ಉಕ್ಕರಿಸುವುದೂ ಇದೇ ವಿದ್ಯೆ. ಗೋಧಿಯಿಲ್ಲದ ಹಿಟ್ಟನ್ನು ಹಿಡಿದು ನಿಲ್ಲಿಸುವ ಕಲೆಯನ್ನು ನಮ್ಮ ಅಡುಗೆಮನೆ ಎಂದೋ ಬಲ್ಲದು. ಅದನ್ನು ಯಾರೂ ಬಿಸ್ಕತ್ತಿಗೆ ಬಳಸಿರಲಿಲ್ಲ, ಅಷ್ಟೆ.

ಕೊನೆಗೆ ನಮ್ಮ ಮನೆಯಲ್ಲಿ ನಿಂತ ಲೆಕ್ಕ ಇದು. ನಯವಾದ ಅಕ್ಕಿಹಿಟ್ಟು 150 ಗ್ರಾಂ, ಜೋಳದ ಹಿಟ್ಟು 100 ಗ್ರಾಂ, ಮೆಕ್ಕೆಜೋಳದ ಪಿಷ್ಟ 50 ಗ್ರಾಂ. ಬೆಣ್ಣೆ 170 ಗ್ರಾಂ, ಪುಡಿ ಸಕ್ಕರೆ 100 ಗ್ರಾಂ, ಏಲಕ್ಕಿ, ಚಿಟಿಕೆ ಉಪ್ಪು. ಜೋಳದ ಹಿಟ್ಟಿನಿಂದಲೇ ಒಂದು ದೊಡ್ಡ ಚಮಚ ತೆಗೆದು, ಮೂರು ಚಮಚ ನೀರಿನಲ್ಲಿ ಗಂಟಿಲ್ಲದೆ ಕುದಿಸಿ ಅಂಬಲಿ ಮಾಡಿ ಆರಿಸಬೇಕು. ಬೆಣ್ಣೆ, ಸಕ್ಕರೆ ನುರಿದು, ಹಿಟ್ಟು ಬೆರೆಸಿ, ಈ ಅಂಬಲಿಯನ್ನೂ ಒಂದು ಚಿಕ್ಕ ಚಮಚ ಇಸಬ್‌ಗೋಲನ್ನೂ ಸೇರಿಸಿ ಕಲಸುವುದು. ಅರ್ಧ ಗಂಟೆ ತಂಪಿನಲ್ಲಿಟ್ಟರೆ ಒರಟು ಹಿಟ್ಟು ನೀರು ಕುಡಿದು ಮೆತ್ತಗಾಗುತ್ತದೆ, ಬಿಸ್ಕತ್ತು ಹರಿಯುವುದಿಲ್ಲ. ಚಿಕ್ಕದಾಗಿ ತಟ್ಟಿ, 165 ಡಿಗ್ರಿ ಶಾಖದಲ್ಲಿ ಹದಿನೈದು ಹದಿನೆಂಟು ನಿಮಿಷ. ತಟ್ಟೆಯಲ್ಲೇ ಪೂರ್ತಿ ಆರುವವರೆಗೆ ಮುಟ್ಟಕೂಡದು. ಬಿಸಿಯಲ್ಲಿ ಎತ್ತಿದರೆ ಪುಡಿಯಾಗುತ್ತದೆ. ರಾಗಿಯ ರುಚಿ ಬೇಕಾದವರು ಜೋಳದ ಅರ್ಧಪಾಲಿಗೆ ಹುರಿದ ರಾಗಿಹಿಟ್ಟು ಹಾಕಬಹುದು.

ಇನ್ನೊಂದು ಪಾಠ ಕಷ್ಟಪಟ್ಟು ಕಲಿತೆವು. ಪಥ್ಯ ಸರಿಯಾಗಿದ್ದರೂ ಒಮ್ಮೆ ಮಗಳಿಗೆ ಹೊಟ್ಟೆನೋವು ಮರಳಿತು. ಕಾರಣ ಹುಡುಕುತ್ತ ಹೋದರೆ ಹಿಟ್ಟಿನ ಗಿರಣಿ. ಗೋಧಿ ಬೀಸಿದ ಕಲ್ಲಿನಲ್ಲೇ ನಮ್ಮ ಜೋಳವನ್ನೂ ಬೀಸಿಸಿದ್ದೆವು. ಅಂಗಡಿಯ ಇಂಗಿನಲ್ಲಿಯೂ ಗೋಧಿಹಿಟ್ಟು ಬೆರೆಸುವುದುಂಟು. ಡಬ್ಬಿಯ ಮೇಲಿನ ಸಣ್ಣಕ್ಷರ ಓದುವ ಅಭ್ಯಾಸ ಕಚೇರಿಯಿಂದಲೇ ನನಗಿತ್ತು. ಅದೀಗ ಮನೆಗೂ ಬಂತು.

ನಮ್ಮವರಿಗೊಂದು ಮಾತು

ಉತ್ತರ ಭಾರತದ ಮಕ್ಕಳಲ್ಲಿ ಈ ರೋಗವಿರುವುದನ್ನು ನಮ್ಮ ದೇಶದ ವೈದ್ಯರು 1966ರಲ್ಲೇ ಬ್ರಿಟಿಷ್ ವೈದ್ಯ ಪತ್ರಿಕೆಯಲ್ಲಿ ವರದಿ ಮಾಡಿದ್ದರು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ದೇಶದ ಮೂರು ಭಾಗಗಳ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿತು. ಉತ್ತರದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10 ಮಂದಿಯಲ್ಲಿ ರೋಗವಿತ್ತು. ರೋಗಕ್ಕೆ ಅನುವಾಗುವ ವಂಶವಾಹಿಗಳು ಮೂರೂ ಕಡೆ ಹೆಚ್ಚುಕಡಿಮೆ ಸಮಾನ. ಆದರೆ ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿಂದರೆ ದಕ್ಷಿಣದವರು ತಿಂದದ್ದು 25 ಗ್ರಾಂ. ಇದರಿಂದ, ಊರು ಬಿಟ್ಟು ಬಂದದ್ದೇ ರೋಗಕ್ಕೆ ಕಾರಣವೆಂದು ಯಾರೂ ತಿಳಿಯಬಾರದು; ವಂಶವಾಹಿಯಿದ್ದು ಗೋಧಿ ತಿನ್ನುವವರಲ್ಲಿ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಆದರೆ 'ಇದು ಪಂಜಾಬಿಗಳ ಕಾಯಿಲೆ, ನಮ್ಮವರಿಗೆ ಬರುವುದಿಲ್ಲ' ಎಂಬ ಮಾತನ್ನು ಬಿಡಬೇಕು. ಆ ಮಾತನ್ನು ನಂಬಿ ನಾವು ಎರಡು ವರ್ಷ ಕಳೆದೆವು.

ಹಾಗೆಂದು ಸಂಶಯ ಬಂದೊಡನೆ ಮಗುವಿಗೆ ಗೋಧಿ ನಿಲ್ಲಿಸುವುದೂ ತಪ್ಪು. ಗೋಧಿ ತಿನ್ನುತ್ತಿರುವಾಗಲೇ ಪರೀಕ್ಷೆ ಆಗಬೇಕು. ನಿಲ್ಲಿಸಿದ ಮೇಲೆ ಮಾಡಿದರೆ ರಕ್ತವೂ ಕರುಳೂ ನಿಜ ಹೇಳದಿರಬಹುದು. ಮೊದಲು ವೈದ್ಯರು, ಆಮೇಲೆ ಪಥ್ಯ. ಆರೋಗ್ಯವಾಗಿರುವವರು ಗೋಧಿಯನ್ನು ಕಂಡು ಹೆದರಬೇಕಾದ ಕಾರಣವೂ ಇಲ್ಲ. ನಮ್ಮ ಮನೆಯಲ್ಲಿ ಮಗನಿಗೆ ಇಂದಿಗೂ ಚಪಾತಿಯೇ.

ಭಾರತದ ಪ್ರಸ್ತಾಪದಂತೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಆಗ ದಿಲ್ಲಿಯ ಅಂಗಡಿಗಳಲ್ಲಿ ಜೋಳ, ರಾಗಿಯ ಬಿಸ್ಕತ್ತುಗಳು ಬಣ್ಣದ ಪೊಟ್ಟಣಗಳಲ್ಲಿ ಕಂಡವು. ಊರಿನಲ್ಲಿ ಬಡವರ ಅನ್ನವೆಂದು ನಾವೇ ಮೂಗು ಮುರಿದಿದ್ದ ಧಾನ್ಯಗಳಿವು. ಪೊಟ್ಟಣದ ಹಿಂಭಾಗ ಓದಿದರೆ ಕೆಲವುದರಲ್ಲಿ ಗೋಧಿಯೂ ಇತ್ತು ಎಂಬುದನ್ನು ಮಾತ್ರ ಮರೆಯಬಾರದು.

ಕಳೆದ ರಾಜ್ಯೋತ್ಸವದಂದು ನನ್ನ ಹೆಂಡತಿ ಒಂದು ಡಬ್ಬಿ ತುಂಬ ಜೋಳದ ಬಿಸ್ಕತ್ತು ಮಾಡಿ ತಂದಳು. ಮಗಳು ಅದನ್ನು ಹಿಡಿದು ಸಭಾಂಗಣದಲ್ಲಿ ಎಲ್ಲರಿಗೂ ಹಂಚಿದಳು. ಅಂದು ಪ್ರಶ್ನೆ ಕೇಳಿದ್ದ ಹಿರಿಯರೇ ಎರಡನೆಯದನ್ನೂ ತೆಗೆದುಕೊಂಡು, "ಇದರಲ್ಲಿ ಏನು ಹಾಕಿದ್ದೀಯಮ್ಮ?" ಎಂದು ಕೇಳಿದರು. ಅವಳು ಏನು ಹಾಕಿಲ್ಲ ಎಂಬುದನ್ನು ಹೇಳಲಿಲ್ಲ, ಹಾಕಿದ್ದನ್ನೇ ಹೇಳಿದಳು: "ನಮ್ಮೂರ ಜೋಳ, ಅಜ್ಜಿ."

ಸಂಘದ ಪದಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ಮುಂದಿನ ಸಮಾರಂಭಗಳಲ್ಲಿ ಗೋಧಿಯಿಲ್ಲದ ತಿನಿಸಿನ ಒಂದು ತಟ್ಟೆಯನ್ನು, ಬೇರೆ ಚಮಚದೊಡನೆ, ತುಸು ದೂರದಲ್ಲಿ ಇಡೋಣ. ಒಂದೇ ಮಗುವಿಗಾದರೂ ಅದು ಬೇಕಾಗಿರಬಹುದು.